ಡಿಜಿಟಲ್ ನಕ್ಷೆಯ ದೃಶ್ಯ ಪರಿಣಾಮಗಳು: ವಿನ್ಯಾಸ ತಂತ್ರಾಂಶಕ್ಕೆ ಒಯ್ಯುವ ಕ್ರಮ

ಜಿಐಎಸ್ (ಭೌಗೋಳಿಕ ಮಾಹಿತಿ ವ್ಯವಸ್ಥೆ) ತಂತ್ರಾಂಶದಲ್ಲಿ ಸಿದ್ಧವಾದ ನಕ್ಷೆಯನ್ನು ಪುಸ್ತಕ, ಪತ್ರಿಕೆ, ಭಿತ್ತಿಪತ್ರಗಳಿಗಾಗಿ ಇಲ್ಲಸ್ಟ್ರೇಟರ್, ಇಂಕ್‌ಸ್ಕೇಪ್, ಕೋರೆಲ್‌ಡ್ರಾ ಮುಂತಾದ ವಿನ್ಯಾಸ ತಂತ್ರಾಂಶಗಳಿಗೆ ಎಕ್ಸ್‌ಪೋರ್ಟ್ ಮಾಡಬೇಕಾಗುತ್ತದೆ. ಆಗ ನಕ್ಷೆಯ ಪಾರದರ್ಶಕತೆ, ನೆರಳು, ಪ್ರಭೆ, ಮಸುಕು, ಪದರಗಳ ಬಣ್ಣ ಬೆರೆಯುವ ರೀತಿ ಇವು ಕೆಡದಂತೆ ನೋಡಿಕೊಳ್ಳುವುದು ಇಂದಿನ ನಕ್ಷಾಶಾಸ್ತ್ರದ ಒಂದು ಮುಖ್ಯ ಕೆಲಸ. ಪರದೆಯ ಮೇಲೆ ಸೊಗಸಾಗಿ ಕಂಡ ನಕ್ಷೆ ಡಿಟಿಪಿ ಮೇಜಿಗೆ ಬರುವಷ್ಟರಲ್ಲಿ ಬೂದು ಬಳಿದಂತಾಗುವುದು, ನೆರಳುಗಳು ಮಾಯವಾಗುವುದು, ಊರ ಹೆಸರುಗಳ ಒತ್ತಕ್ಷರ ಕಳಚಿಕೊಳ್ಳುವುದು ಈ ವೃತ್ತಿಯವರಿಗೆಲ್ಲ ಪರಿಚಿತವಾದ ತೊಂದರೆಗಳು.

ಇವುಗಳಲ್ಲಿ ಬಣ್ಣ–ನೆರಳುಗಳ ತೊಂದರೆಗಳಿಗೆ ಮುಖ್ಯ ಮೂಲ ಒಂದೇ. ಗೆರೆ, ಬಿಂದು, ಬಹುಭುಜಗಳು ತಮ್ಮಷ್ಟಕ್ಕೆ ನಿಲ್ಲುವ ಆಕಾರಗಳು. ಪರಿಣಾಮ ಹಾಗಲ್ಲ, ಅದು ಒಂದು ಪದರಕ್ಕೂ ಅದರ ಕೆಳಗಿನ ಪದರಕ್ಕೂ ಇರುವ ಸಂಬಂಧ. ಆಕಾರಗಳನ್ನು ಬರೆದಿಡಲು ಎಲ್ಲ ವೆಕ್ಟರ್ (ಗೆರೆ–ಆಕಾರಗಳ) ಕಡತ ಸ್ವರೂಪಗಳಲ್ಲೂ ಜಾಗವಿದೆ. ಈ ಸಂಬಂಧವನ್ನು ಬರೆದಿಡುವ ಶಕ್ತಿ ಕೆಲವಕ್ಕೆ ಮಾತ್ರ ಇದೆ. ಆದ್ದರಿಂದ ಯಾವುದನ್ನು ಆಕಾರವಾಗಿ ಒಯ್ಯಬೇಕು, ಯಾವುದನ್ನು ಚಿತ್ರವಾಗಿ ಒಯ್ಯಬೇಕು, ಯಾವುದನ್ನು ವಿನ್ಯಾಸ ತಂತ್ರಾಂಶದಲ್ಲೇ ಹೊಸದಾಗಿ ಕಟ್ಟಬೇಕು ಎಂಬುದನ್ನು ನಕ್ಷೆಕಾರ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಉದಾಹರಣೆಯ ಪ್ರದೇಶ

ವಿವರಣೆಗಾಗಿ ಇಲ್ಲಿ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲ್ಲೂಕಿನ ಯಡೂರು ಸುತ್ತಲಿನ ಪ್ರವಾಹ ನಕ್ಷೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳಲಾಗಿದೆ. ವೀರಭದ್ರ ದೇವಸ್ಥಾನದಿಂದ ಹೆಸರಾದ ಈ ಊರು ಕೃಷ್ಣಾ ನದಿಯ ದಂಡೆಯಲ್ಲಿದೆ. ಪಂಚಗಂಗಾ ನದಿ ಮೇಲ್ಭಾಗದಲ್ಲಿ, ಮಹಾರಾಷ್ಟ್ರದ ನರಸೋಬವಾಡಿಯಲ್ಲಿ, ಕೃಷ್ಣೆಯನ್ನು ಕೂಡುತ್ತದೆ. ದೂಧಗಂಗಾ ನದಿ ಯಡೂರಿನ ಆಸುಪಾಸಿನಲ್ಲೇ ಸೇರುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಜೋರಾಗಿ ಮಹಾರಾಷ್ಟ್ರದಿಂದ ಹರಿದುಬರುವ ನೀರು ಹೆಚ್ಚಿದಾಗ ಕಲ್ಲೋಳ–ಯಡೂರು ಸೇತುವೆ ಮುಳುಗಡೆಯಾಗುವುದು ಇಲ್ಲಿನ ಮಳೆಗಾಲದ ಸುದ್ದಿ. 2005, 2019 ಮತ್ತು 2021ರಲ್ಲಿ ಕೃಷ್ಣಾ ತೀರ ದೊಡ್ಡ ಪ್ರವಾಹಗಳನ್ನು ಕಂಡಿತು.

ಪ್ರವಾಹ ನಕ್ಷೆಯಲ್ಲಿ ಪರಿಣಾಮ ಅಲಂಕಾರಕ್ಕಾಗಿ ಬಂದದ್ದಲ್ಲ, ಅದೇ ಮಾಹಿತಿ. ನೀರು ಹರಡಿದ ಪ್ರದೇಶವನ್ನು ಪಾರದರ್ಶಕ ನೀಲಿಯಲ್ಲಿ ತೋರಿಸಿದರೆ ಅದರಡಿ ಕಬ್ಬಿನ ಗದ್ದೆ, ರಸ್ತೆ, ಮನೆಗಳ ಗುಂಪು ಕಾಣುತ್ತವೆ. ಯಾವ ದಾರಿ ಮುಚ್ಚಿದೆ, ಯಾವ ಓಣಿಗೆ ನೀರು ಬಂದಿದೆ ಎಂದು ಓದುಗನಿಗೆ ತಿಳಿಯುತ್ತದೆ. ಎಕ್ಸ್‌ಪೋರ್ಟ್ ಆಗುವಾಗ ಪಾರದರ್ಶಕತೆ ಬಿದ್ದುಹೋದರೆ ಗಟ್ಟಿ ನೀಲಿಯ ಕೆಳಗೆ ಊರೇ ಮುಚ್ಚಿಹೋಗುತ್ತದೆ. ನಕ್ಷೆ ಆಗ ಕುರೂಪವಾಗುವುದಷ್ಟೇ ಅಲ್ಲ, ಸುಳ್ಳನ್ನೇ ಹೇಳಿದಂತಾಗುತ್ತದೆ.

ಹಿನ್ನೆಲೆ

ಪದರಗಳನ್ನು ಬಿಡಿಸಿ ಒಯ್ಯುವ ಪದ್ಧತಿ ಕಂಪ್ಯೂಟರಿಗಿಂತ ಹಳೆಯದು. 1767ರಲ್ಲಿ ಆರಂಭವಾದ ಸರ್ವೆ ಆಫ್ ಇಂಡಿಯಾದ ಸ್ಥಳವಿವರ ನಕ್ಷೆಗಳಲ್ಲಿ ನೀರಿಗೆ ನೀಲಿ, ಸಮೋನ್ನತಿ ರೇಖೆಗಳಿಗೆ ಕಂದು, ಅಕ್ಷರಗಳಿಗೆ ಕಪ್ಪು ಹೀಗೆ ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಅಚ್ಚುಫಲಕ ಇರುತ್ತಿತ್ತು. ಫಲಕಗಳು ಒಂದರ ಮೇಲೊಂದು ಸರಿಯಾಗಿ ಕೂರಲೆಂದು ಅಂಚುಗಳಲ್ಲಿ ಗುರುತುಗಳನ್ನು ಹಾಕಲಾಗುತ್ತಿತ್ತು. ಯಡೂರು ಇರುವ ಭಾಗ ಹಳೆಯ ಹಾಳೆಕ್ರಮದಲ್ಲಿ 47 ಎಲ್ ಸರಣಿಗೆ ಸೇರುತ್ತದೆ. ಆ ಹಾಳೆಗಳ ಬಣ್ಣಗಳು ಕಾಗದದ ಮೇಲೆ ಮಸಿಯ ಗುಣದಿಂದಲೇ ಬೆರೆಯುತ್ತಿದ್ದವು. ಕಂಪ್ಯೂಟರಿನಲ್ಲಿ ಆ ಬೆರಕೆಯನ್ನು ಲೆಕ್ಕದ ಮೂಲಕ ಹೇಳಬೇಕಾಗುತ್ತದೆ.

ಪುಟವಿವರಣೆಯ ಭಾಷೆಯಾಗಿ 1980ರ ದಶಕದಲ್ಲಿ ಬಂದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಪಾರದರ್ಶಕತೆಯ ಕಲ್ಪನೆ ಇರಲಿಲ್ಲ. ಮೇಲಿನ ಬಣ್ಣ ಕೆಳಗಿನದನ್ನು ಮುಚ್ಚಿಯೇ ತೀರುತ್ತಿತ್ತು. ಇಲ್ಲಸ್ಟ್ರೇಟರ್ 1987ರಲ್ಲಿ ಬಂದರೂ ಅದಕ್ಕೆ ಪಾರದರ್ಶಕತೆ ದಕ್ಕಿದ್ದು 2000ದಲ್ಲಿ, ಒಂಬತ್ತನೆಯ ಆವೃತ್ತಿಯಲ್ಲಿ. 2001ರ ಪಿಡಿಎಫ್ 1.4 ಪಾರದರ್ಶಕತೆಯನ್ನೂ ಬಣ್ಣ ಬೆರೆಸುವ ವಿಧಾನಗಳನ್ನೂ ಕಡತದೊಳಗೇ ಬರೆದಿಡುವ ದಾರಿ ತೆರೆಯಿತು. ಅದೇ ವರ್ಷ ಎಸ್‌ವಿಜಿ ಸ್ವರೂಪ ವಿಶ್ವವ್ಯಾಪಿ ಜಾಲ ಒಕ್ಕೂಟದ ಶಿಫಾರಸಾಯಿತು. ನಕ್ಷೆಯ ತಂತ್ರಾಂಶಗಳು ಇತ್ತ ತಿರುಗಿದ್ದು ತಡವಾಗಿ. ಮುಕ್ತ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಬೆರಕೆಯ ವಿಧಾನಗಳು 2013ರ 2.0 ಆವೃತ್ತಿಯಲ್ಲೂ ನೆರಳು, ಪ್ರಭೆಯಂಥ ಪರಿಣಾಮಗಳು 2015ರ 2.10 ಆವೃತ್ತಿಯಲ್ಲೂ ಬಂದವು. ಆರ್ಕ್‌ಜಿಐಎಸ್ ಪ್ರೊದಲ್ಲಿ ಪದರಗಳ ಬೆರಕೆ 2020ರ ಕೊನೆಯಲ್ಲಿ, 2.7 ಆವೃತ್ತಿಯೊಂದಿಗೆ ಸಿಕ್ಕಿತು.

ಪರಿಣಾಮಗಳ ಬಗೆಗಳು

ನಕ್ಷೆಯಲ್ಲಿ ಬಳಕೆಯಾಗುವ ಪರಿಣಾಮಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಪಾರದರ್ಶಕತೆ. ಇದನ್ನು ಇಡೀ ಪದರಕ್ಕೂ ಕೊಡಬಹುದು, ಒಂದೊಂದು ಆಕಾರದ ಬಣ್ಣಕ್ಕೂ ಕೊಡಬಹುದು. ಬಣ್ಣಕ್ಕೆ ಕೊಟ್ಟಾಗ ಎರಡು ಆಕಾರಗಳು ಒಂದರ ಮೇಲೊಂದು ಬಂದ ಜಾಗ ಹೆಚ್ಚು ಗಾಢವಾಗುತ್ತದೆ. ಪದರಕ್ಕೆ ಕೊಟ್ಟಾಗ ಹಾಗಾಗುವುದಿಲ್ಲ.

ಎರಡನೆಯದು ಬೆರಕೆ. ಇದರಲ್ಲಿ ನಕ್ಷೆಕಾರರಿಗೆ ಹೆಚ್ಚು ಬೇಕಾಗುವುದು ಮಲ್ಟಿಪ್ಲೈ, ಅಂದರೆ ಗುಣಾಕಾರದ ವಿಧಾನ. ಎರಡೂ ಪದರಗಳ ಬಣ್ಣದ ಬೆಲೆಗಳನ್ನು ಗುಣಿಸಿ 255ರಿಂದ ಭಾಗಿಸಿದರೆ ಬರುವುದೇ ಹೊಸ ಬಣ್ಣ. ಹೊಲಗಳ ತಿಳಿಹಸಿರಿಗೆ ಕೆಂಪು 200, ಹಸಿರು 220, ನೀಲಿ 160 ಎಂದಿಟ್ಟುಕೊಳ್ಳೋಣ. ಅದರ ಮೇಲೆ ಭೂಸ್ವರೂಪದ ನೆರಳುಪದರದ ಬೂದು 180 ಇದ್ದರೆ ಗುಣಾಕಾರದಿಂದ 141, 155, 113 ಬರುತ್ತದೆ. ಮೂರು ಬಣ್ಣಗಳ ಅನುಪಾತ ಮೊದಲಿನಂತೆಯೇ ಇದೆ, ಅಂದರೆ ಹಸಿರು ಹಸಿರಾಗಿಯೇ ಉಳಿದು ನೆರಳಿಗೆ ಸರಿದಿದೆ. ಅದೇ ಬೂದನ್ನು ಬೆರಕೆಯಿಲ್ಲದೆ ಶೇಕಡಾ 50ರ ಪಾರದರ್ಶಕತೆಯಲ್ಲಿ ಹಾಕಿದರೆ 190, 200, 170 ಆಗಿ ಹಸಿರು ಕಳೆಗುಂದುತ್ತದೆ. ಬೆರಕೆಯೂ ಪಾರದರ್ಶಕತೆಯೂ ಎರಡೂ ಕಳೆದುಹೋದರೆ ಉಳಿಯುವುದು 180ರ ಬರಿಯ ಬೂದು.

ಮೂರನೆಯದು ಅಂಚಿನ ಪರಿಣಾಮಗಳು: ಬೀಳುನೆರಳು, ಒಳನೆರಳು, ಒಳಪ್ರಭೆ, ಹೊರಪ್ರಭೆ, ಮಸುಕು. ನದಿಯ ಪಾತ್ರಕ್ಕೆ ಒಳನೆರಳು ಕೊಟ್ಟು ದಂಡೆಯ ಎತ್ತರವನ್ನು ಸೂಚಿಸುವುದು, ತಾಲ್ಲೂಕಿನ ಗಡಿಗೆ ಒಳಗಡೆ ಬಣ್ಣದ ಪ್ರಭೆ ಕೊಟ್ಟು ಚಿಕ್ಕೋಡಿ ಯಾವುದು, ರಾಯಬಾಗ ಯಾವುದು, ಕಾಗವಾಡ ಯಾವುದು ಎಂದು ಬೇರ್ಪಡಿಸುವುದು ಇವುಗಳ ಸಾಮಾನ್ಯ ಬಳಕೆ.

ಪರಿಣಾಮ ಕೆಡುವುದು ಏಕೆ

ಮೊದಲ ಕಾರಣ ಚಿತ್ರೀಕರಣ, ಅಂದರೆ ಗೆರೆ–ಆಕಾರಗಳು ಪಿಕ್ಸೆಲ್‌ಗಳಾಗಿ ಬದಲಾಗುವುದು. ಕ್ಯೂಜಿಐಎಸ್‌ನ ಮುದ್ರಣ ವಿನ್ಯಾಸದಲ್ಲಿ ಯಾವುದೋ ಒಂದು ಪದರಕ್ಕೆ ಬೆರಕೆಯನ್ನೋ ನೆರಳನ್ನೋ ಕೊಟ್ಟಿದ್ದರೆ, ಕಂಡದ್ದು ಕಂಡಂತೆ ಉಳಿಯಲೆಂದು ತಂತ್ರಾಂಶ ನಕ್ಷೆಯ ಚೌಕಟ್ಟನ್ನೇ ಒಂದು ಚಿತ್ರವಾಗಿಸುತ್ತದೆ. ಪರಿಣಾಮ ಉಳಿಯುತ್ತದೆ, ಆದರೆ ಗೆರೆಗಳು ಗೆರೆಗಳಾಗಿ ಉಳಿಯುವುದಿಲ್ಲ. ರಸ್ತೆಯ ದಪ್ಪವನ್ನಾಗಲಿ ಹೆಸರಿನ ಜಾಗವನ್ನಾಗಲಿ ಆಮೇಲೆ ಬದಲಿಸಲಾಗದು. ಇದನ್ನು ತಪ್ಪಿಸಲು ‘ಯಾವಾಗಲೂ ವೆಕ್ಟರ್ ಆಗಿ ಎಕ್ಸ್‌ಪೋರ್ಟ್ ಮಾಡು’ ಎಂಬ ಆಯ್ಕೆ ಇದೆ. ಅದನ್ನು ಒತ್ತಿದರೆ ಗೆರೆಗಳು ಉಳಿಯುತ್ತವೆ, ಪರಿಣಾಮಗಳು ಬದಲಾಗುತ್ತವೆ ಇಲ್ಲವೇ ಬಿದ್ದುಹೋಗುತ್ತವೆ. ಒಂದೇ ಕಡತದಲ್ಲಿ ಎರಡನ್ನೂ ಪೂರ್ತಿಯಾಗಿ ಪಡೆಯುವುದು ಕಷ್ಟ.

ಎರಡನೆಯ ಕಾರಣ ಎರಡೂ ಕಡೆಯ ಬೆರಕೆ ವಿಧಾನಗಳ ಪಟ್ಟಿಗಳು ಹೊಂದದಿರುವುದು. ಪಿಡಿಎಫ್ ನಿಗದಿಪಡಿಸಿರುವ ಬೆರಕೆಯ ವಿಧಾನಗಳು 16. ಕ್ಯೂಜಿಐಎಸ್‌ನಲ್ಲಿರುವ ಅಡಿಷನ್, ಸಬ್‌ಟ್ರಾಕ್ಟ್ ಎಂಬ ಸಂಕಲನ–ವ್ಯವಕಲನದ ವಿಧಾನಗಳು ಆ ಪಟ್ಟಿಯಲ್ಲಿಲ್ಲ, ಇಲ್ಲಸ್ಟ್ರೇಟರ್‌ನಲ್ಲೂ ಇಲ್ಲ. ಮುದ್ರಣಕ್ಕೆ ಹೋಗುವ ನಕ್ಷೆಯಲ್ಲಿ ಮಲ್ಟಿಪ್ಲೈ, ಸ್ಕ್ರೀನ್, ಓವರ್‌ಲೇಗಳಂಥ ಎರಡೂ ಕಡೆ ಇರುವ ವಿಧಾನಗಳನ್ನೇ ಬಳಸುವುದು ಕ್ಷೇಮ.

ಮೂರನೆಯ ಕಾರಣ ಅಳತೆಯ ಮಾನ. ಪ್ರಭೆಯ ಅಗಲವನ್ನು 2 ಪಿಕ್ಸೆಲ್ ಎಂದು ಕೊಟ್ಟರೆ 96 ಡಿಪಿಐ (ಅಂಗುಲಕ್ಕೆ 96 ಬಿಂದು) ಪರದೆಯಲ್ಲಿ ಅದು ಸುಮಾರು ಅರ್ಧ ಮಿಲಿಮೀಟರ್ ಕಾಣುತ್ತದೆ. 300 ಡಿಪಿಐನಲ್ಲಿ ಎಕ್ಸ್‌ಪೋರ್ಟ್ ಮಾಡಿದಾಗ 0.17 ಮಿಲಿಮೀಟರಿಗೆ ಕುಗ್ಗಿ, ಇದ್ದೂ ಇಲ್ಲದಂತಾಗುತ್ತದೆ. ಪರಿಣಾಮಗಳ ಅಳತೆಯನ್ನು ಆರಂಭದಿಂದಲೇ ಮಿಲಿಮೀಟರಿನಲ್ಲಿ ಕೊಡುವುದು ಇದಕ್ಕೆ ಪರಿಹಾರ. ಇಂಕ್‌ಸ್ಕೇಪ್ ಒಂದು ಅಂಗುಲಕ್ಕೆ 96 ಏಕಮಾನ ಎಣಿಸಿದರೆ ಇಲ್ಲಸ್ಟ್ರೇಟರ್ 72 ಎಣಿಸುತ್ತದೆ. ಹೀಗಾಗಿ ಒಂದರ ಎಸ್‌ವಿಜಿ ಕಡತವನ್ನು ಇನ್ನೊಂದರಲ್ಲಿ ತೆರೆದಾಗ ನಕ್ಷೆಯ ಅಳತೆಯೇ ವ್ಯತ್ಯಾಸವಾಗುವ ಸಂಭವವಿದೆ. ಅಳತೆಪಟ್ಟಿ ಇರುವ ನಕ್ಷೆಗೆ ಇದು ಗಂಭೀರ ದೋಷ.

ಕಡತದ ಸ್ವರೂಪಗಳು

ಪಿಡಿಎಫ್: ಪಾರದರ್ಶಕತೆ, ಬೆರಕೆ, ಪದರಗಳ ಹೆಸರು ಇವನ್ನೆಲ್ಲ ಹೊತ್ತೊಯ್ಯುವ ಶಕ್ತಿ ಇದಕ್ಕಿದೆ. ವಿನ್ಯಾಸ ತಂತ್ರಾಂಶದಲ್ಲಿ ತೆರೆದಾಗ ಆಕಾರಗಳು ಗೂಡಿನೊಳಗೆ ಗೂಡಿನಂತೆ ಕ್ಲಿಪಿಂಗ್ ಮಾಸ್ಕ್‌ಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಬಿಡಿಸಲು ತಾಳ್ಮೆ ಬೇಕು. ಮುದ್ರಣಾಲಯಗಳು ಕೇಳುವ ಪಿಡಿಎಫ್/ಎಕ್ಸ್–1ಎ ಪಾರದರ್ಶಕತೆಯನ್ನು ಒಪ್ಪುವುದಿಲ್ಲ, ಪಿಡಿಎಫ್/ಎಕ್ಸ್–4 ಒಪ್ಪುತ್ತದೆ.

ಎಸ್‌ವಿಜಿ: ಗೆರೆ, ಬಣ್ಣ, ಪದರಗಳ ಗುಂಪು ಚೆನ್ನಾಗಿ ಬರುತ್ತವೆ. ಮಸುಕು–ನೆರಳುಗಳಿಗೆ ಬೇಕಾದ ಫಿಲ್ಟರ್‌ಗಳು ಈ ಸ್ವರೂಪದಲ್ಲಿ ಇವೆ, ಇಂಕ್‌ಸ್ಕೇಪ್ ಅವನ್ನು ಬಲ್ಲದು. ಆದರೆ ಕ್ಯೂಜಿಐಎಸ್ ನೆಚ್ಚಿಕೊಂಡಿರುವ ಕ್ಯೂಟಿ ಎಂಬ ತಂತ್ರಾಂಶ ಲೈಬ್ರರಿ ಬರೆಯುವುದು ಎಸ್‌ವಿಜಿಯ ಕಿರು ಆವೃತ್ತಿಯನ್ನು. ಅದರಲ್ಲಿ ಫಿಲ್ಟರ್‌ಗಳಿಗೆ ಅವಕಾಶವಿಲ್ಲ.

ಇಪಿಎಸ್: ಪೋಸ್ಟ್‌ಸ್ಕ್ರಿಪ್ಟ್‌ನ ವಂಶದ್ದು. ಪಾರದರ್ಶಕತೆ ಇರುವ ನಕ್ಷೆಗೆ ಇದು ಸಲ್ಲದು.

ಟಿಫ್ ಮತ್ತು ಪಿಎನ್‌ಜಿ: ಪರಿಣಾಮವನ್ನು ಕಂಡಂತೆಯೇ ಹಿಡಿದಿಡುತ್ತವೆ, ತಿದ್ದಲು ಬಿಡುವುದಿಲ್ಲ. ಎ3 ಹಾಳೆಗೆ 300 ಡಿಪಿಐ ಎಂದರೆ 4961 × 3508 ಪಿಕ್ಸೆಲ್ ಬೇಕು.

ಆರ್ಕ್‌ಜಿಐಎಸ್ ಪ್ರೊದಿಂದ ಇಲ್ಲಸ್ಟ್ರೇಟರ್‌ಗೆ ಹೋಗಲು ಎಐಎಕ್ಸ್ ಎಂಬ ಪ್ರತ್ಯೇಕ ಸ್ವರೂಪವಿದೆ. ಇಲ್ಲಸ್ಟ್ರೇಟರ್‌ಗೆ ಆರ್ಕ್‌ಜಿಐಎಸ್ ತಯಾರಕ ಎಸ್ರಿ ಸಂಸ್ಥೆಯ ಪೂರಕ ತಂತ್ರಾಂಶ ಜೋಡಿಸಿಕೊಂಡವರು ಇದನ್ನು ತೆರೆಯಬಹುದು. ಅವೆಂಜಾ ಸಂಸ್ಥೆಯ ಮ್ಯಾಪ್‌ಪಬ್ಲಿಷರ್, ಇಲ್ಲಸ್ಟ್ರೇಟರ್ ಒಳಗೇ ನಕ್ಷೆಯ ದತ್ತಾಂಶವನ್ನು ತೆರೆದು ಈ ಸಾಗಣೆಯ ಬಹುಭಾಗವನ್ನೇ ತಪ್ಪಿಸುತ್ತದೆ.

ಬಿಡಿಸಿ ಒಯ್ಯುವ ಪದ್ಧತಿ

ಒಂದೇ ಕಡತವನ್ನು ನೆಚ್ಚದೆ ನಕ್ಷೆಯನ್ನು ಎರಡು ಮೂರು ಕಂತುಗಳಲ್ಲಿ ಒಯ್ದು ವಿನ್ಯಾಸ ತಂತ್ರಾಂಶದಲ್ಲಿ ಮತ್ತೆ ಜೋಡಿಸುವುದು ಅನುಭವಿಗಳು ನೆಚ್ಚುವ ಕ್ರಮ. ಯಡೂರಿನ ನಕ್ಷೆಯನ್ನು 1:50,000 ಪ್ರಮಾಣದಲ್ಲಿ ಎ3 ಹಾಳೆಗೆ ಸಿದ್ಧಪಡಿಸಿದರೆ 21 ಕಿಲೋಮೀಟರ್ ಅಗಲ, ಸುಮಾರು 15 ಕಿಲೋಮೀಟರ್ ಎತ್ತರದ ಪ್ರದೇಶ ಹಿಡಿಯುತ್ತದೆ. ಅದನ್ನು ಹೀಗೆ ವಿಂಗಡಿಸಬಹುದು.

ಮೊದಲ ಕಂತು ಭೂಸ್ವರೂಪದ ನೆರಳು. ಇದು ಹುಟ್ಟಿನಿಂದಲೇ ಪಿಕ್ಸೆಲ್ ಚಿತ್ರ, ಹಾಗಾಗಿ ಚಿತ್ರವಾಗಿ ಹೋದರೆ ನಷ್ಟವಿಲ್ಲ. ಇಸ್ರೋದ ಭುವನ್ ತಾಣದ ಕಾರ್ಟೋಡೆಮ್ ಅಥವಾ ಎಸ್‌ಆರ್‌ಟಿಎಂ ಎತ್ತರದ ದತ್ತಾಂಶದಿಂದ ಇದನ್ನು ತಯಾರಿಸಬಹುದು. ಎಸ್‌ಆರ್‌ಟಿಎಂನ 30 ಮೀಟರಿನ ಒಂದು ಚೌಕ ಈ ಪ್ರಮಾಣದಲ್ಲಿ ಕಾಗದದ ಮೇಲೆ 0.6 ಮಿಲಿಮೀಟರ್ ಆಗುತ್ತದೆ. 300 ಡಿಪಿಐ ಮುದ್ರಣದಲ್ಲಿ ಸುಮಾರು ಏಳು ಪಿಕ್ಸೆಲ್ ಅಗಲ. ಹಾಗೆಯೇ ಬಿಟ್ಟರೆ ಚೌಕಗಳು ಕಣ್ಣಿಗೆ ಹೊಡೆಯುತ್ತವೆ. ಆದ್ದರಿಂದ ಎಕ್ಸ್‌ಪೋರ್ಟ್‌ಗೆ ಮೊದಲು ಕ್ಯೂಬಿಕ್ ವಿಧಾನದಲ್ಲಿ ನಯಗೊಳಿಸಬೇಕು. ಕೃಷ್ಣೆಯ ದಂಡೆಯ ಎರೆಭೂಮಿ ಬಹುಮಟ್ಟಿಗೆ ಸಮತಟ್ಟು. ಎತ್ತರವನ್ನು ಹಿಗ್ಗಿಸದೆ ನೆರಳು ಹಾಕಿದರೆ ಏನೂ ಕಾಣದು. ಈ ಪದರವನ್ನು ಬೆರಕೆಯಿಲ್ಲದೆ, ಬರಿಯ ಬೂದುಚಿತ್ರವಾಗಿ ಟಿಫ್‌ನಲ್ಲಿ ಒಯ್ದು, ಇಲ್ಲಸ್ಟ್ರೇಟರ್‌ನಲ್ಲಿ ಭೂಬಳಕೆಯ ಪದರದ ಮೇಲಿಟ್ಟು ಮಲ್ಟಿಪ್ಲೈ ಕೊಟ್ಟರೆ ಕಾಣುವಿಕೆ ಮೊದಲಿನಂತಾಗುತ್ತದೆ.

ಎರಡನೆಯ ಕಂತು ಬಣ್ಣದ ಆಕಾರಗಳು: ಭೂಬಳಕೆ, ನದಿಪಾತ್ರ, ಪ್ರವಾಹದ ಹರವು. ಮೋಡ ಕವಿದಾಗಲೂ ನೆಲವನ್ನು ನೋಡಬಲ್ಲ ಸೆಂಟಿನೆಲ್–1 ರೇಡಾರ್ ಉಪಗ್ರಹದ ಚಿತ್ರದಿಂದ ಹರವನ್ನು ಗುರುತಿಸಿದರೆ ಅಂಚು 10 ಮೀಟರಿನ ಮೆಟ್ಟಿಲುಗಳಾಗಿ ಬರುತ್ತದೆ. ಅದನ್ನು ನಯಗೊಳಿಸಿ ಬಹುಭುಜವಾಗಿಸಬೇಕು. ಪದರದ ಪಾರದರ್ಶಕತೆಯನ್ನು ತೆಗೆದುಹಾಕಿ ಗಟ್ಟಿ ಬಣ್ಣದಲ್ಲೇ ಎಕ್ಸ್‌ಪೋರ್ಟ್ ಮಾಡಿ, ಶೇಕಡಾವಾರು ಪ್ರಮಾಣವನ್ನು ವಿನ್ಯಾಸ ತಂತ್ರಾಂಶದಲ್ಲಿ ಕೊಡುವುದು ಉತ್ತಮ. ಒಂದರ ಮೇಲೊಂದು ಬಂದ ಬಹುಭುಜಗಳನ್ನು ಮೊದಲೇ ಒಂದುಗೂಡಿಸಿಕೊಂಡರೆ ನಡುವೆ ಗಾಢ ಕಲೆಗಳು ಏಳುವುದಿಲ್ಲ.

ಮೂರನೆಯ ಕಂತು ಗಡಿ, ರಸ್ತೆ, ಸೇತುವೆ, ಊರ ಹೆಸರುಗಳು. ಇವು ಅಚ್ಚುಕಟ್ಟಾಗಿ ವೆಕ್ಟರ್ ಆಗಿಯೇ ಉಳಿಯಬೇಕು.

ಮೂರು ಕಂತುಗಳೂ ಒಂದೇ ಹಾಳೆಯಳತೆ, ಒಂದೇ ಚೌಕಟ್ಟು, ಒಂದೇ ಪ್ರಕ್ಷೇಪದಲ್ಲಿ ಇರತಕ್ಕದ್ದು. ಯಡೂರಿಗೆ ಯುಟಿಎಂ 43 ಉತ್ತರ ವಲಯ ಹೊಂದುತ್ತದೆ. ನಾಲ್ಕು ಮೂಲೆಗಳಲ್ಲಿ ಸಣ್ಣ ಕೂಡುಗುರುತುಗಳನ್ನು ಹಾಕಿ ಪ್ರತಿ ಕಂತಿನಲ್ಲೂ ಉಳಿಸಿಕೊಂಡರೆ ಜೋಡಣೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಅಂಚಿನ ಪರಿಣಾಮಗಳನ್ನು ಮಾತ್ರ ಬೆಲೆಗಳ ರೂಪದಲ್ಲಿ ಒಯ್ಯಬೇಕಾಗುತ್ತದೆ. ಕ್ಯೂಜಿಐಎಸ್ ಬೀಳುನೆರಳನ್ನು ಕೋನ ಮತ್ತು ದೂರದಲ್ಲಿ ಹೇಳುತ್ತದೆ, ಇಲ್ಲಸ್ಟ್ರೇಟರ್ ಅಡ್ಡ ಮತ್ತು ಉದ್ದದ ಸರಿತದಲ್ಲಿ ಕೇಳುತ್ತದೆ. 135 ಡಿಗ್ರಿ, 2 ಮಿಲಿಮೀಟರ್ ಎಂಬ ಕ್ಯೂಜಿಐಎಸ್ ನೆರಳು ಇಲ್ಲಸ್ಟ್ರೇಟರ್‌ನಲ್ಲಿ ಬಲಕ್ಕೆ 1.41, ಕೆಳಕ್ಕೆ 1.41 ಮಿಲಿಮೀಟರ್ ಆಗುತ್ತದೆ. ಮಸುಕಿನ ಅಳತೆಯನ್ನು ಹೀಗೆ ಲೆಕ್ಕ ಹಾಕಲಾಗದು, ಎರಡು ತಂತ್ರಾಂಶಗಳ ಮಸುಕಿನ ಗಣಿತ ಬೇರೆ. ಮೂಲಚಿತ್ರವನ್ನು ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲಿ ಹೊಂದಿಸಬೇಕು. ಇಲ್ಲಸ್ಟ್ರೇಟರ್‌ನ ನೆರಳು ಕೂಡ ಕಡೆಗೆ ಪಿಕ್ಸೆಲ್‌ಗಳೇ ಆಗುವುದರಿಂದ ದಾಖಲೆಯ ರಾಸ್ಟರ್ ಪರಿಣಾಮದ ರೆಸಲ್ಯೂಶನ್ 300ಕ್ಕೆ ಇದೆಯೇ ಎಂದು ನೋಡಿಕೊಳ್ಳಬೇಕು.

ಕನ್ನಡ ಹೆಸರುಗಳು

ಕನ್ನಡ ನಕ್ಷೆಗೆ ಅಕ್ಷರಗಳೇ ದೊಡ್ಡ ಪರೀಕ್ಷೆ. ‘ಕೃಷ್ಣಾ’ ಎಂದು ಬರೆಯಲು ಕಂಪ್ಯೂಟರು ಕಕಾರಕ್ಕೆ ವಟ್ರಸುಳಿ ಜೋಡಿಸಿ, ಷಕಾರಕ್ಕೆ ದೀರ್ಘ ಸೇರಿಸಿ ಅದರಡಿ ಣಕಾರದ ಒತ್ತು ಕೂರಿಸಬೇಕು. ಜಿಐಎಸ್ ತಂತ್ರಾಂಶದಲ್ಲಿ ಸರಿಯಾಗಿ ಕೂತ ಅಕ್ಷರಗಳು ಪಿಡಿಎಫ್ ಒಳಗೆ ಅಕ್ಷರರೂಪಗಳ ಸಾಲಾಗಿ ಹೋಗುತ್ತವೆ. ವಿನ್ಯಾಸ ತಂತ್ರಾಂಶ ಅವನ್ನು ಮತ್ತೆ ಪಠ್ಯವಾಗಿಸುವಾಗ ಒತ್ತು ಪಕ್ಕಕ್ಕೆ ಸರಿಯುವುದೂ ಅರ್ಕಾವತ್ತು ಜಾಗ ತಪ್ಪುವುದೂ ಉಂಟು. ದೇವನಾಗರಿಗೂ ಇದೇ ಪಾಡು. ಗಡಿಭಾಗದ ನಕ್ಷೆಯಲ್ಲಿ ಎರಡೂ ಲಿಪಿಗಳು ಬೇಕಾಗುವುದರಿಂದ ಇಲ್ಲಿ ಎಚ್ಚರಿಕೆಯೂ ಎರಡರಷ್ಟಿರಬೇಕು.

ದಾರಿಗಳು ಎರಡು. ಹೆಸರುಗಳನ್ನು ಪಾತ್‌ಗಳಾಗಿ, ಅಂದರೆ ಗೆರೆಯಾಕಾರಗಳಾಗಿ ಎಕ್ಸ್‌ಪೋರ್ಟ್ ಮಾಡಿದರೆ ರೂಪ ಕೆಡುವುದಿಲ್ಲ, ಆದರೆ ಕಾಗುಣಿತ ತಿದ್ದಲಾಗದು. ಕೋರೆಲ್‌ಡ್ರಾ ಬಳಸುವ ಡಿಟಿಪಿಯವರು ‘ಕರ್ವ್ಸ್ ಮಾಡು’ ಎನ್ನುವುದು ಇದನ್ನೇ. ಪಠ್ಯವಾಗಿಯೇ ಒಯ್ದರೆ ತಿದ್ದಬಹುದು, ಆದರೆ ಅದೇ ಯೂನಿಕೋಡ್ ಫಾಂಟ್ ಅಲ್ಲೂ ಇರಬೇಕು, ಇಲ್ಲಸ್ಟ್ರೇಟರ್‌ನಲ್ಲಿ ಭಾರತೀಯ ಲಿಪಿಗಳ ಆಯ್ಕೆಯನ್ನೂ ದಕ್ಷಿಣ ಏಷ್ಯಾದ ಕಂಪೋಸರನ್ನೂ ತೆರೆದಿಟ್ಟುಕೊಳ್ಳಬೇಕು. ಹೆಸರಿನ ಸುತ್ತಲಿನ ಬಿಳಿ ಅಂಚು ಪಠ್ಯರೂಪದ ಎಕ್ಸ್‌ಪೋರ್ಟ್‌ನಲ್ಲಿ ಸರಿಯಾಗಿ ಬಾರದೆ ಹೋಗಬಹುದು. ಕರ್ನಾಟಕದ ಅನೇಕ ಮುದ್ರಣಾಲಯಗಳಲ್ಲಿ ನುಡಿ, ಶ್ರೀಲಿಪಿಗಳ ಹಳೆಯ ಸಂಕೇತಕ್ರಮ ಇನ್ನೂ ಬಳಕೆಯಲ್ಲಿದೆ. ಯೂನಿಕೋಡ್ ಹೆಸರುಗಳಿಗೆ ಆ ಫಾಂಟ್ ಹಾಕಿದರೆ ಓದಲು ಬರುವುದಿಲ್ಲ. ಅಂಥ ಕಡೆಗೆ ಕಳಿಸುವಾಗ ಪಾತ್‌ಗಳೇ ಕ್ಷೇಮ. ಜೊತೆಗೆ ಹೆಸರುಗಳ ಪಟ್ಟಿಯನ್ನು ಬೇರೆಯಾಗಿ ಕೊಟ್ಟರೆ ಕರಡು ತಿದ್ದುವವರಿಗೆ ನೆರವಾಗುತ್ತದೆ.

ಬಣ್ಣ ಮತ್ತು ಮುದ್ರಣ

ಪರದೆಯ ಮೂರು ಬಣ್ಣಗಳಲ್ಲಿ ನಡೆದ ಗುಣಾಕಾರ, ಮುದ್ರಣದ ನಾಲ್ಕು ಮಸಿಗಳಲ್ಲಿ (ಸಿಎಂವೈಕೆ) ಬೇರೆ ಫಲಿತಾಂಶ ಕೊಡುತ್ತದೆ. ದಾಖಲೆಯ ಬಣ್ಣಕ್ರಮವನ್ನು ಮೊದಲೇ ನಿರ್ಧರಿಸಿ, ಆಮೇಲೆ ಬೆರಕೆ ಕೊಡಬೇಕು. ಕೊನೆಯಲ್ಲಿ ಬದಲಿಸಿದರೆ ಇಡೀ ನಕ್ಷೆಯ ಹದ ತಪ್ಪುತ್ತದೆ. ಪರದೆಯ ಕಪ್ಪು ನಾಲ್ಕು ಮಸಿಗಳ ಮಿಶ್ರಣವಾಗಿ ಬದಲಾದರೆ, ಅಚ್ಚಿನಲ್ಲಿ ಫಲಕ ಕೊಂಚ ಜರುಗಿದರೂ ಸಣ್ಣ ಒತ್ತಕ್ಷರಗಳ ಸುತ್ತ ಬಣ್ಣದ ಎಳೆ ಕಾಣುತ್ತದೆ. ಹೆಸರುಗಳಿಗೆ ಕಪ್ಪು ಮಸಿಯೊಂದನ್ನೇ ಕೊಟ್ಟು, ಕೆಳಗಿನ ಬಣ್ಣವನ್ನು ಕತ್ತರಿಸದೆ ಅದರ ಮೇಲೆಯೇ ಓವರ್‌ಪ್ರಿಂಟ್ ಮಾಡುವುದು ಇದಕ್ಕೆ ಪರಿಹಾರ. 2024ರಲ್ಲಿ ಬಂದ ಕ್ಯೂಜಿಐಎಸ್ 3.40ರಲ್ಲಿ ಸಿಎಂವೈಕೆ ಬಣ್ಣಗಳನ್ನು ನೇರವಾಗಿ ಬಳಸುವ ಅನುಕೂಲ ಸೇರಿರುವುದರಿಂದ ಈ ತೊಡಕು ಮೊದಲಿಗಿಂತ ಕಡಿಮೆಯಾಗಿದೆ.

ಪರಿಶೀಲನೆ

ಜೋಡಣೆ ಮುಗಿದ ಮೇಲೆ ಮೂಲ ನಕ್ಷೆಯನ್ನು ಪಿಎನ್‌ಜಿ ಚಿತ್ರವಾಗಿ ತೆಗೆದು, ಹೊಸ ನಕ್ಷೆಯ ಮೇಲಿಟ್ಟು ಡಿಫರೆನ್ಸ್ ಬೆರಕೆ ಕೊಟ್ಟು ನೋಡುವುದು ನಂಬಿಕಸ್ಥ ಪರೀಕ್ಷೆ. ಎರಡೂ ಒಂದೇ ಆಗಿರುವ ಕಡೆ ಕಪ್ಪು ಕಾಣುತ್ತದೆ. ಬೆಳಕು ಇಣುಕಿದ ಕಡೆ ಏನೋ ವ್ಯತ್ಯಾಸವಾಗಿದೆ ಎಂದರ್ಥ. ಈ ಪರೀಕ್ಷೆಯನ್ನು ಸಿಎಂವೈಕೆಗೆ ಬದಲಿಸುವ ಮೊದಲು ಮಾಡಬೇಕು. ನಂತರ ಅಳತೆಪಟ್ಟಿಯ ಉದ್ದ, ಸೂಚಿಯ ಬಣ್ಣಗಳು, ಪ್ರತಿ ಹೆಸರಿನ ಒತ್ತು–ದೀರ್ಘಗಳನ್ನು ನೋಡಬೇಕು. ಸೂಚಿಯ ಬಣ್ಣಚೌಕಗಳಿಗೂ ಅದೇ ಪಾರದರ್ಶಕತೆ, ಅದೇ ಬೆರಕೆ ಸಿಗದಿದ್ದರೆ ಸೂಚಿಯ ನೀಲಿಯೇ ಒಂದು, ನಕ್ಷೆಯ ನೀಲಿಯೇ ಇನ್ನೊಂದು ಆಗುತ್ತದೆ. ಬೆಲೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಮಳೆಗಾಲದ ಹರವನ್ನು ಅದೇ ಅಚ್ಚಿಗೆ ಕೂರಿಸುವುದು ಸುಲಭ.

ಮಹತ್ವ

ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ಕೆ–ಜಿಐಎಸ್, ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್, ಓಪನ್‌ಸ್ಟ್ರೀಟ್‌ಮ್ಯಾಪ್ ಇವುಗಳಿಂದ ನಕ್ಷೆಯ ಮಾಹಿತಿ ಇಂದು ಹಿಂದೆಂದಿಗಿಂತ ಸುಲಭವಾಗಿ ಕೈಗೆಟುಕುತ್ತಿದೆ. 2021ರ ಫೆಬ್ರವರಿಯ ಭೂಪ್ರಾದೇಶಿಕ ದತ್ತಾಂಶದ ಮಾರ್ಗಸೂಚಿ ಭಾರತೀಯರು ನಕ್ಷೆ ತಯಾರಿಸಿ ಪ್ರಕಟಿಸಲು ಇದ್ದ ಹಲವು ನಿರ್ಬಂಧಗಳನ್ನು ಸಡಿಲಿಸಿತು. ಆದರೂ ಗ್ರಾಮ ಪಂಚಾಯಿತಿಯ ಗೋಡೆಗೆ, ಶಾಲೆಯ ಪಾಠಕ್ಕೆ, ಪತ್ರಿಕೆಯ ಪುಟಕ್ಕೆ ಬರುವ ಕನ್ನಡ ನಕ್ಷೆಗಳು ಆ ಮಾಹಿತಿಯ ಯೋಗ್ಯತೆಗೆ ತಕ್ಕಂತೆ ಕಾಣುವುದು ವಿರಳ. ಕೊರತೆ ಇರುವುದು ಜಿಐಎಸ್ ಬಲ್ಲವರಿಗೂ ಡಿಟಿಪಿ ಬಲ್ಲವರಿಗೂ ನಡುವಿನ ಈ ಸಾಗಣೆಯಲ್ಲಿ. ಎರಡು ಕೈಗಳೂ ಒಂದೇ ಕ್ರಮವನ್ನು ಕಲಿತರೆ, ತನ್ನ ಹೊಲ ಎಷ್ಟರ ಮಟ್ಟಿಗೆ ನೀರಿನಡಿ ಹೋಗುತ್ತದೆ, ಹೊಳೆ ಬಂದಾಗ ಯಾವ ದಾರಿ ಉಳಿಯುತ್ತದೆ ಎಂಬುದನ್ನು ನದಿತೀರದ ರೈತ ತನ್ನದೇ ಲಿಪಿಯಲ್ಲಿ, ಮುದ್ರಿತ ಹಾಳೆಯ ಮೇಲೆ ಸ್ಪಷ್ಟವಾಗಿ ಓದಿಕೊಳ್ಳಬಲ್ಲ.